ಫೋನು ಇರಲಿ, ಹಣದ ದಾರಿ ಕಟ್ಟು



ಬನಹಟ್ಟಿಯಲ್ಲಿರುವ ನಿನ್ನ ಅಪ್ಪಾಜಿಯ ಖಾತೆಯಿಂದ ತಿಂಗಳು ತಿಂಗಳು ಸಿನಿಮಾ ಆ್ಯಪ್, ಜಾತಕದ ಆ್ಯಪ್ ಎಂದು ದುಡ್ಡು ಹೋಗುತ್ತಿದೆ, ಫೋನೇ ಕಸಿದುಕೊಳ್ಳಲೇ ಎಂದು ಕೇಳಿದ್ದೀ. ಬೇಡ. ಮಗ್ಗ ಬಿಟ್ಟ ಮೇಲೆ ಅವರಿಗೆ ಉಳಿದ ಜೊತೆ ಅದೊಂದೇ. ಮಧ್ಯಾಹ್ನ ಅದರಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ ಹಚ್ಚಿಕೊಂಡು ಕೂತರೆ ಊಟದ ಹೊತ್ತಿಗೂ ಏಳುವುದಿಲ್ಲ. ಕಸಿದುಕೊಂಡರೆ ಕಳವಾಯಿತೆಂದು ಇಡೀ ಓಣಿ ಹುಡುಕಿಸುತ್ತಾರೆ. ನಿನ್ನಂತೆ ದೂರದಲ್ಲಿ ದುಡಿಯುವ ಮಕ್ಕಳು ಜಮಖಂಡಿ, ಮುಧೋಳ, ಬೀಳಗಿಯ ಮನೆಗಳಲ್ಲೂ ಇದ್ದಾರೆ; ಈ ಪತ್ರ ಅವರೂ ಓದಲಿ.

ಅರವತ್ತರ ಅರಳು ಮರಳು ಎಂದು ನಕ್ಕು ಬಿಡುವುದು ನಮ್ಮ ರೂಢಿ. ಅಪ್ಪಾಜಿಗಿರುವುದು ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ, 2023ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ ಇದೆ. ಬೈದು ಫಲವಿಲ್ಲ. ಏನು ಒತ್ತಿದೆನೆಂಬುದು ಅವರಿಗೆ ಮರೆತುಹೋಗುತ್ತದೆ, ಬೈಸಿಕೊಂಡ ನೋವು ಮಾತ್ರ ಉಳಿದುಬಿಡುತ್ತದೆ. ನಾಲ್ಕು ಅಂಕಿಯ ಪಿನ್ ಬೇರೆ, ನೂಲಿನ ಗಂಟಿನ ಹಾಗೆ, ಬೆರಳಿಗೇ ರೂಢಿಯಾಗಿದೆ.

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಯುಪಿಐ ಆ್ಯಪಿನಲ್ಲಿ 'ಆಟೋಪೇ' ತೆರೆದು ಒಂದೊಂದನ್ನೇ ರದ್ದು ಮಾಡು. ಪ್ಲೇ ಸ್ಟೋರಿನ ಚಂದಾ ಪಟ್ಟಿ ಬೇರೆ, ಅದನ್ನೂ ನೋಡು. ಕಾರ್ಡಿನಿಂದ ಹೋಗುತ್ತಿದ್ದರೆ ಬ್ಯಾಂಕಿಗೆ ಹೇಳಬೇಕು. ಹಣ ಕಡಿಯುವ 24 ಗಂಟೆ ಮೊದಲೇ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಆದರೆ ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ. ಸಂದೇಶ ಬರುವುದೂ ಅಪ್ಪಾಜಿಯ ಫೋನಿಗೇ. ಓದಿ ನೆನಪಿಡುವ ಗಿರಾಕಿಗಾಗಿ ಮಾಡಿದ ನಿಯಮ ಅದು. ಅಪ್ಪಾಜಿಯಂಥವರ ಬಗ್ಗೆ ಯಾರೂ ಯೋಚಿಸಿದಂತಿಲ್ಲ. ರದ್ದು ಮಾಡುವ ದಾರಿಯನ್ನೇ ಬಚ್ಚಿಟ್ಟ ಕಂಪನಿ ಸಿಕ್ಕರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ದೂರು ಕೊಡು. ಇಂಥ ಚಂದಾ ಬಲೆಯನ್ನು 2023ರ ನವೆಂಬರಿನಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದೆ.

ಇಷ್ಟಾದ ಮೇಲೆ ದೊಡ್ಡ ಹಣವಿರುವ ಖಾತೆಯನ್ನು ಯುಪಿಐಯಿಂದ ಬಿಡಿಸಿ, ಬೇರೊಂದು ಖಾತೆಯಲ್ಲಿ ಐನೂರು ರೂಪಾಯಿ ಇಟ್ಟು ಅದನ್ನೇ ಜೋಡಿಸು. ಚಹಾದಂಗಡಿಯಲ್ಲಿ ಗೆಳೆಯರ ಮುಂದೆ ತಾವೇ ಸ್ಕ್ಯಾನ್ ಮಾಡಿ ದುಡ್ಡು ಕೊಡಲಿ. ಆ ಗತ್ತು ಅವರಿಗೆ ಬೇಕು. ಇದನ್ನೆಲ್ಲ ಕದ್ದು ಮಾಡಬೇಡ, ಪಕ್ಕದಲ್ಲಿ ಕೂಡಿಸಿಕೊಂಡು, ಕೇಳಿಯೇ ಮಾಡು.

ವಟಮುಖತ್ಯಾರ ಪತ್ರ ಬರೆಸಿದರೆ ಮುಗಿಯಿತು ಎಂದು ಯಾರಾದರೂ ಹೇಳಿಯಾರು. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಲ್ಲಿ ಆ ಪತ್ರವೂ ಬಿದ್ದುಹೋಗುತ್ತದೆ. ಆಮೇಲೆ ಪೋಷಕರ ನೇಮಕಕ್ಕೆ ಧಾರವಾಡದ ಹೈಕೋರ್ಟ್ ಪೀಠದ ಮೆಟ್ಟಿಲು ಹತ್ತಬೇಕಾದೀತು. ಅದಕ್ಕಿಂತ, ತಿಳುವಳಿಕೆ ಇನ್ನೂ ಇದೆ ಎಂದು ಡಾಕ್ಟರು ಹೇಳುವಾಗಲೇ ಅವ್ವನ ಹೆಸರು ಸೇರಿಸಿ, ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆ ಮಾಡಿಸು. ಬ್ಯಾಂಕಿಗೆ ಬೆಳಿಗ್ಗೆಯೇ ಕರೆದುಕೊಂಡು ಹೋಗು, ಸಂಜೆಯಾದಂತೆ ಅವರ ಮನಸ್ಸು ಕದಡುತ್ತದೆ. ಪಾಸ್‌ಬುಕ್ಕು, ಇಬ್ಬರ ಆಧಾರ್, ಫೋಟೋ ಜೊತೆಗಿರಲಿ. ದೀಪಾವಳಿಗೆ ಬರುತ್ತೇನೆ ಎನ್ನಬೇಡ. ಅಷ್ಟರಲ್ಲಿ ಅವರ ಸಹಿ ಕೂಡದೆ ಹೋದೀತು.

ಇಂತಿ,
ನಿನ್ನ ಕಾಕಾ