ಗುಂಡಿಗೆ ಇಳಿಯಬೇಕಾದುದು ಕ್ಯಾಮೆರಾ, ಮನುಷ್ಯನಲ್ಲ

ಆಯುರ್ವೇದದಲ್ಲಿ ಚಿಕಿತ್ಸೆಗಿಂತ ಮೊದಲು ನಿದಾನ. ರೋಗವು ಎಲ್ಲಿ ನೆಲೆಸಿದೆ, ಯಾವ ಕಾರಣದಿಂದ ಹುಟ್ಟಿದೆ ಎಂಬುದನ್ನು ಅರಿಯದೆ ಕೊಟ್ಟ ಔಷಧವು ಗುಣಕ್ಕಿಂತ ಕೇಡನ್ನೇ ಹೆಚ್ಚಾಗಿ ಉಂಟುಮಾಡಬಹುದು. ಈ ಮಾತು ಶರೀರಕ್ಕೆ ಸಲ್ಲುವಂತೆ ನಾವು ವಾಸಿಸುವ ಮನೆಗೂ ಸಲ್ಲುತ್ತದೆ. ಬಚ್ಚಲಿನ ನೀರು ಹಿಂದಕ್ಕೆ ಬಂದಾಗ, ಶೌಚಗುಂಡಿ ತುಂಬಿ ನಾರಿದಾಗ ಸಾಮಾನ್ಯವಾಗಿ ನಡೆಯುವುದೇನು? ಮೊದಲು ಒಂದು ಬಾಟಲಿ ಆಮ್ಲವನ್ನು ಸುರಿಯುತ್ತಾರೆ. ಅದು ಫಲಿಸದಿದ್ದರೆ ಅಂಗಳವನ್ನು ಅಗೆಸುತ್ತಾರೆ. ಅದೂ ಫಲಿಸದಿದ್ದರೆ ಒಬ್ಬ ಬಡವನನ್ನು ಕರೆಸಿ ಗುಂಡಿಯೊಳಗೆ ಇಳಿಸುತ್ತಾರೆ. ದೋಷವು ಎಲ್ಲಿದೆ ಎಂಬುದನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಇಂದು ಅದನ್ನು ನೋಡುವ ಸಾಧನವಿದೆ. ಜಠರದೊಳಗಿನ ವ್ರಣವನ್ನು ಎಂಡೋಸ್ಕೋಪಿಯ ಮೂಲಕ ಕಾಣುವಂತೆ, ನೆಲದೊಳಗಿನ ಕೊಳವೆಯನ್ನೂ ಚಿಕ್ಕ ಕ್ಯಾಮೆರಾದ ಮೂಲಕ ಕಾಣಬಹುದು. ವೈದ್ಯರಾದ ನಮಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಎರಡು ಕಾರಣಗಳಿವೆ. ಮೊದಲನೆಯದು ಮನೆಯವರ ಆರೋಗ್ಯ, ಎರಡನೆಯದು ಗುಂಡಿಗೆ ಇಳಿಯುವವನ ಪ್ರಾಣ.

ಗುಂಡಿಯೊಳಗೆ ಏನಿದೆ?

ಮುಚ್ಚಿದ ಶೌಚಗುಂಡಿಯಲ್ಲಿ ಮಲವು ಕೊಳೆಯುವಾಗ ಮೀಥೇನ್, ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹುಟ್ಟುತ್ತವೆ. ಆಮ್ಲಜನಕವು ಕುಗ್ಗುತ್ತದೆ. ಇವುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಅತ್ಯಂತ ಕ್ರೂರವಾದುದು. ಅಲ್ಪಪ್ರಮಾಣದಲ್ಲಿ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ಆದ್ದರಿಂದ ‘ಈಗ ವಾಸನೆ ಕಡಿಮೆಯಾಗಿದೆ’ ಎಂಬುದು ಅಪಾಯ ಕಳೆದುದರ ಲಕ್ಷಣವಲ್ಲ. ಅದು ಗಾಳಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಕೆಸರನ್ನು ಕದಡಿದೊಡನೆ ಒಮ್ಮೆಲೇ ಮೇಲೇಳುತ್ತದೆ. ಇಳಿದವನು ಕೆಲವೇ ಉಸಿರುಗಳಲ್ಲಿ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಮೂರನೆಯವನೂ ಅವನ ಹಿಂದೆಯೇ ಸಾಯುತ್ತಾರೆ.

ಹಾಳುಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು ನೋಡುವ ಹಳೆಯ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಶೌಚಗುಂಡಿಯಲ್ಲಿ ಇದನ್ನು ಮಾಡಲೇಬಾರದು. ಮೀಥೇನ್ ಇದ್ದರೆ ಅದು ಸ್ಫೋಟಕ್ಕೆ ದಾರಿ. ದೀಪ ಉರಿದರೂ ವಿಷಾನಿಲವಿಲ್ಲವೆಂದು ಅರ್ಥವಲ್ಲ.

2013ರ ಕೇಂದ್ರ ಕಾಯಿದೆಯು ರಕ್ಷಣಾ ಸಾಧನಗಳಿಲ್ಲದೆ ಯಾರನ್ನೇ ಆಗಲಿ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೇ 2 ವರ್ಷಗಳವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದು ನಗರಸಭೆಗೆ ಮಾತ್ರವಲ್ಲ, ಕೂಲಿ ಕೊಟ್ಟು ಇಳಿಸಿದ ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಇಂತಹ ಮರಣಗಳಿಗೆ ನೀಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ.

ನಾಲ್ಕು ಬಗೆಯ ದೋಷಗಳು

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಸ್ರೋತಸ್ಸುಗಳ, ಎಂದರೆ ಶರೀರದಲ್ಲಿನ ಹರಿವಿನ ಮಾರ್ಗಗಳ ವಿಚಾರ ಬರುತ್ತದೆ. ಅವು ಕೆಟ್ಟಾಗ ಕಾಣುವ ಲಕ್ಷಣಗಳು ನಾಲ್ಕು: ಅತಿಪ್ರವೃತ್ತಿ, ಸಂಗ, ಗ್ರಂಥಿ ಮತ್ತು ವಿಮಾರ್ಗಗಮನ. ಮನೆಯ ಕೊಳವೆಗಳ ದೋಷಗಳನ್ನು ವಿಂಗಡಿಸಲು ಇದಕ್ಕಿಂತ ಅನುಕೂಲವಾದ ಕ್ರಮ ನಮಗೆ ತೋರಿಲ್ಲ.

ಅತಿಪ್ರವೃತ್ತಿಯೆಂದರೆ ಮಿತಿಮೀರಿದ ಹರಿವು. ಮಾಳಿಗೆಯ ಮಳೆನೀರನ್ನು ಶೌಚಗುಂಡಿಗೆ ಸೇರಿಸಿದಾಗ, ಇಲ್ಲವೆ ಫ್ಲಶ್ ತೊಟ್ಟಿಯು ಹಗಲಿರುಳು ಸೋರುತ್ತಿರುವಾಗ ಗುಂಡಿಯಲ್ಲಿ ಕೆಸರು ತಳಕ್ಕಿಳಿಯಲು ಅವಕಾಶವಿರುವುದಿಲ್ಲ. ಅದು ನೀರಿನೊಡನೆ ಇಂಗುಗುಂಡಿಗೆ ಸಾಗಿ ಅಲ್ಲಿನ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ.

ಸಂಗವೆಂದರೆ ಅಡಚಣೆ. ಅಡುಗೆಮನೆಯ ಎಣ್ಣೆ-ತುಪ್ಪದ ಜಿಡ್ಡು ತಣ್ಣಗಾಗಿ ಕೊಳವೆಯ ಗೋಡೆಗೆ ಅಂಟುತ್ತದೆ. ಬಟ್ಟೆಯ ಚೂರು, ಸ್ಯಾನಿಟರಿ ಪ್ಯಾಡ್, ಮಕ್ಕಳ ಡಯಾಪರ್, ಬಚ್ಚಲಿಗೆ ಬಿಟ್ಟ ಪೂಜೆಯ ಪತ್ರೆ-ಪುಷ್ಪಗಳು ಆ ಜಿಡ್ಡಿಗೆ ಸಿಲುಕುತ್ತವೆ.

ಗ್ರಂಥಿಯೆಂದರೆ ಗಂಟು. ಆಲ, ಅರಳಿ, ಅತ್ತಿಯಂತಹ ಮರಗಳ ಬೇರು ತೇವವನ್ನು ಅರಸಿ ಕೊಳವೆಯ ಸಂದಿನಲ್ಲಿ ಕೂದಲಿನಂತೆ ನುಗ್ಗಿ ಒಳಗೆ ಜಡೆಗಟ್ಟುತ್ತದೆ. ಮನೆ ಕಟ್ಟುವಾಗ ಒಳಗೆ ಬಿದ್ದು ಗಟ್ಟಿಯಾದ ಸಿಮೆಂಟೂ ಈ ಗುಂಪಿಗೆ ಸೇರಿದುದು.

ವಿಮಾರ್ಗಗಮನವೆಂದರೆ ದಾರಿ ತಪ್ಪಿದ ಹರಿವು. ಬಿರಿದ ಕೊಳವೆಯಿಂದ ಮಲಿನ ನೀರು ಮಣ್ಣಿಗೆ, ಅಲ್ಲಿಂದ ಬಾವಿಗೆ ಸೇರುವುದು. ಉತ್ತರ ಕರ್ನಾಟಕದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅಲ್ಲಿ ಕೊಳವೆಯ ಸಂದುಗಳು ಸಡಿಲುವುದು ಸಹಜ. ನಾಲ್ಕರಲ್ಲಿ ಇದೇ ಅತ್ಯಂತ ಅಪಾಯಕರ. ಏಕೆಂದರೆ ಇದರಲ್ಲಿ ನೀರು ಹಿಂದಕ್ಕೆ ಬರುವುದಿಲ್ಲ, ನಾತವೂ ಏಳದಿರಬಹುದು. ಮನೆಯಲ್ಲಿ ಮೇಲಿಂದ ಮೇಲೆ ವಾಂತಿ-ಭೇದಿ, ವಿಷಮಶೀತ ಜ್ವರ, ಕಾಮಾಲೆ ಕಾಣಿಸಿಕೊಂಡಾಗ ಬಾವಿಯ ನೀರಿನೊಡನೆ ಕೊಳವೆಯನ್ನೂ ಶಂಕಿಸಬೇಕು.

ಪ್ರಶ್ನ, ಸ್ಪರ್ಶನ, ದರ್ಶನ

ರೋಗಿಯನ್ನು ಪರೀಕ್ಷಿಸುವ ಈ ಮೂರು ವಿಧಾನಗಳು ಇಲ್ಲಿಯೂ ಉಪಯುಕ್ತ. ಮೊದಲು ಪ್ರಶ್ನ. ಒಂದೇ ಬಚ್ಚಲಿನ ನೀರು ನಿಂತಿದೆಯೋ, ಕೆಳಗಿನ ಅಂತಸ್ತಿನ ಎಲ್ಲವೂ ನಿಂತಿವೆಯೋ? ಒಂದೇ ಆದರೆ ದೋಷವು ಆ ಕವಲಿನಲ್ಲಿದೆ. ಎಲ್ಲವೂ ಆದರೆ ಮುಖ್ಯ ಕೊಳವೆಯಲ್ಲಿ ಅಥವಾ ಗುಂಡಿಯಲ್ಲಿದೆ. ತೊಂದರೆ ಮಳೆಗಾಲದಲ್ಲಿ ಮಾತ್ರವೇ? ಹಾಗಿದ್ದರೆ ಹೊರಗಿನ ನೀರು ಒಳನುಗ್ಗುತ್ತಿರಬಹುದು, ಇಲ್ಲವೆ ಇಂಗುಗುಂಡಿಯ ಸುತ್ತಣ ಮಣ್ಣು ನೀರಿನಿಂದ ತುಂಬಿರಬಹುದು. ಗುಂಡಿಯ ಕೆಸರನ್ನು ತೆಗೆಸಿ ಎಷ್ಟು ವರ್ಷಗಳಾದವು? 2–3 ವರ್ಷಗಳಿಗೊಮ್ಮೆ ತೆಗೆಸುವುದು ವಾಡಿಕೆಯಾಗಬೇಕು.

ಬಳಿಕ ಸ್ಪರ್ಶನ. ಚೇಂಬರಿನ ಮುಚ್ಚಳವನ್ನು ತೆಗೆದು, ದೂರದಲ್ಲಿ ನಿಂತು, ಮನೆಯೊಳಗಿಂದ ಒಂದು ಬಕೆಟ್ ನೀರನ್ನು ಬಿಡಿಸಬೇಕು. ನೀರು ಬೇಗ ಬಂದಿತೇ, ತಡವಾಗಿ ಬಂದಿತೇ, ಬರಲೇ ಇಲ್ಲವೇ ಎಂಬುದನ್ನು ಗಮನಿಸಬೇಕು. ಎಷ್ಟೋ ತೊಂದರೆಗಳ ಮೂಲ ಇಷ್ಟರಲ್ಲಿಯೇ ತಿಳಿಯುತ್ತದೆ. ಆಗ ಕ್ಯಾಮೆರಾದ ವೆಚ್ಚವೂ ಬೇಕಿಲ್ಲ.

ಇಷ್ಟಕ್ಕೂ ಕಾರಣ ತಿಳಿಯದಿದ್ದರೆ, ಅಥವಾ ಒಮ್ಮೆ ಸರಿಪಡಿಸಿದುದು ಕೆಲವೇ ತಿಂಗಳಲ್ಲಿ ಮರುಕಳಿಸಿದರೆ ದರ್ಶನ ಬೇಕು. ಬಾಗುವ ಗಟ್ಟಿ ತಂತಿಯ ತುದಿಯಲ್ಲಿ ನೀರು ಹೋಗದಂತೆ ಭದ್ರಪಡಿಸಿದ ಪುಟ್ಟ ಕ್ಯಾಮೆರಾ, ಅದರ ಸುತ್ತ ಎಲ್‌ಇಡಿ ದೀಪಗಳು, ಮೇಲೆ ಕುಳಿತವನ ಮುಂದೆ ಒಂದು ಪರದೆ — ಇದಿಷ್ಟೇ ಆ ಸಾಧನ. ತಂತಿಯನ್ನು ಚೇಂಬರಿನ ಮೂಲಕ ಕೊಳವೆಯೊಳಗೆ ಮೆಲ್ಲನೆ ತಳ್ಳುತ್ತಾರೆ. ಎಷ್ಟು ಮೀಟರ್ ಒಳಗೆ ಹೋಯಿತೆಂಬುದು ಪರದೆಯ ಮೇಲೆ ಮೂಡುತ್ತದೆ. ಕೆಲವು ಸಾಧನಗಳಲ್ಲಿ ಕ್ಯಾಮೆರಾದೊಡನೆ ಸಂಕೇತ ಹೊರಡಿಸುವ ಗುಳಿಗೆಯೂ ಇರುತ್ತದೆ. ನೆಲದ ಮೇಲೆ ಇನ್ನೊಂದು ಉಪಕರಣ ಹಿಡಿದು ನಡೆದರೆ ದೋಷವಿರುವ ತಾಣವನ್ನೂ ಆಳವನ್ನೂ ಗುರುತಿಸಬಹುದು. ಇಡೀ ಅಂಗಳವನ್ನು ಅಗೆಯುವ ಬದಲು ಒಂದು ಗಜದಷ್ಟು ಜಾಗವನ್ನು ಅಗೆದರೆ ಸಾಕಾಗುತ್ತದೆ.

ಪರದೆಯ ಮೇಲೆ ನಾಲ್ಕು ದೋಷಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಎಲ್ಲ ನಲ್ಲಿಗಳನ್ನು ಮುಚ್ಚಿದ್ದರೂ ತಿಳಿನೀರು ಹರಿಯುತ್ತಿದ್ದರೆ ಅದು ಅತಿಪ್ರವೃತ್ತಿ. ಯಾವ ಕವಲಿನಿಂದ ಬರುತ್ತಿದೆಯೆಂಬುದೂ ತಿಳಿಯುತ್ತದೆ. ಜಿಡ್ಡು ಬಿಳಿ ಪದರವಾಗಿಯೂ, ಬೇರು ಸಂದಿನಿಂದ ಇಳಿಬಿದ್ದ ಗೊಂಚಲಾಗಿಯೂ, ಬಿರುಕು ಗೆರೆಯಾಗಿಯೂ ತೋರುತ್ತವೆ. ಕ್ಯಾಮೆರಾ ಒಂದೆಡೆ ನೀರಿನಲ್ಲಿ ಮುಳುಗಿ ಮತ್ತೆ ಮೇಲೆದ್ದರೆ ಅಲ್ಲಿ ಕೊಳವೆ ಕುಸಿದು ತಗ್ಗಾಗಿದೆಯೆಂದು ತಿಳಿಯಬೇಕು. ಅಂತಹ ತಗ್ಗಿಗೆ ಯಾವ ಆಮ್ಲವೂ ಮದ್ದಲ್ಲ. ಕೊಳವೆಯನ್ನು ಸರಿಯಾದ ಇಳಿಜಾರಿನಲ್ಲಿ ಮತ್ತೆ ಹಾಕಿಸಬೇಕು.

ಕ್ಯಾಮೆರಾಕ್ಕೂ ಮಿತಿಯಿದೆ

ಎಂಡೋಸ್ಕೋಪಿಗೆ ಖಾಲಿ ಹೊಟ್ಟೆ ಬೇಕಾದಂತೆ ಈ ಪರೀಕ್ಷೆಗೂ ಶೋಧನ ಬೇಕು. ಕೆಸರಿನಲ್ಲಿ ಹುದುಗಿದ ಕ್ಯಾಮೆರಾ ಏನನ್ನೂ ಕಾಣದು. ಆದ್ದರಿಂದ ಮೊದಲು ಸಕ್ಕಿಂಗ್ ಯಂತ್ರದಿಂದ ಗುಂಡಿಯನ್ನು ಬರಿದುಮಾಡಿಸಿ, ಜೆಟ್ಟಿಂಗ್ ಯಂತ್ರದಿಂದ ಕೊಳವೆಯನ್ನು ತೊಳೆಸಿ, ಆಮೇಲೆ ನೋಡಿಸಬೇಕು. ಗುಂಡಿಯ ಒಳಗೋಡೆ, ನಡುಗೋಡೆ ಮತ್ತು ಹೊರಹರಿವಿನ ಕೊಳವೆಯನ್ನು ಉದ್ದನೆಯ ಕೋಲಿಗೆ ಕಟ್ಟಿದ ಕ್ಯಾಮೆರಾದಿಂದ ಮೇಲಿನಿಂದಲೇ ನೋಡಬಹುದು. ಮೊಬೈಲ್ ಫೋನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುವ ಸಾಹಸ ಬೇಡ. ಬಾಗಿ ಇಣುಕುವವನು ತಲೆಸುತ್ತಿ ಒಳಗೆ ಬೀಳುವ ಸಂಭವವಿದೆ.

ಕ್ಯಾಮೆರಾ ಕೊಳವೆಯ ಒಳಗನ್ನು ತೋರಿಸುತ್ತದೆಯೇ ಹೊರತು ಹೊರಗಿನ ಮಣ್ಣನ್ನಲ್ಲ. ಸೋರಿಕೆಯು ಬಾವಿಯನ್ನು ಮುಟ್ಟಿದೆಯೇ ಎಂಬುದು ನೀರಿನ ಜೀವಾಣು ಪರೀಕ್ಷೆಯಿಂದಲೇ ತಿಳಿಯಬೇಕು. ಆ ವರದಿ ಬರುವವರೆಗೆ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯುವುದೇ ಪಥ್ಯ. ಹೊಸದಾಗಿ ಮನೆ ಕಟ್ಟುವವರು ಇಂಗುಗುಂಡಿಯನ್ನು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರದಲ್ಲಿಡಬೇಕೆಂಬ ನಿಯಮವನ್ನು ಮರೆಯಬಾರದು.

ಗೃಹಸ್ಥರು ಗಮನಿಸಬೇಕಾದುವು

ಪರೀಕ್ಷೆ ಮಾಡುವವರಿಂದ ದೃಶ್ಯದ ಮುದ್ರಿಕೆಯನ್ನು ಕೇಳಿ ಪಡೆಯಿರಿ. ದೋಷವು ಎಷ್ಟನೆಯ ಮೀಟರಿನಲ್ಲಿದೆ ಎಂಬುದನ್ನು ಬರೆಸಿಕೊಳ್ಳಿ. ದುರಸ್ತಿಯಾದ ಮೇಲೆ ಇನ್ನೊಮ್ಮೆ ಕ್ಯಾಮೆರಾ ಹಾಯಿಸಿ ನೋಡದೆ ಮಣ್ಣು ಮುಚ್ಚಿಸಬೇಡಿ. ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಬೇಡಿ. ಅದರಿಂದ ಕ್ಲೋರಿನ್ ವಿಷಾನಿಲ ಏಳುತ್ತದೆ. ಗುಂಡಿಗೆ ಸುರಿದ ಆಮ್ಲವು ಮಲವನ್ನು ಜೀರ್ಣಿಸುವ ಜೀವಾಣುಗಳನ್ನು ಕೊಲ್ಲುತ್ತದೆ, ಕೆಸರಿನಿಂದ ಹೈಡ್ರೋಜನ್ ಸಲ್ಫೈಡ್ ಅನ್ನೂ ಹೊರಡಿಸುತ್ತದೆ. ಗಾಳಿಕೊಳವೆಯ ತುದಿಗೆ ಸೊಳ್ಳೆಬಲೆ ಕಟ್ಟಿಸಿ. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಶೌಚಗುಂಡಿಯೇ ತವರು. ಕಲಬುರಗಿ, ಬೀದರ, ಯಾದಗಿರಿ ಭಾಗದ ಭಕ್ತರು ಇದನ್ನು ವಿಶೇಷವಾಗಿ ಗಮನಿಸಬೇಕು.

ಯಾರಾದರೂ ಗುಂಡಿಯೊಳಗೆ ಬಿದ್ದರೆ ಅವರನ್ನು ಹಿಂಬಾಲಿಸಿ ಇಳಿಯದಿರುವುದೇ ಮೊದಲ ಕರ್ತವ್ಯ. ಕೂಡಲೇ 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳವನ್ನು ಬರಮಾಡಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದ ಶರಣರನ್ನು ಆದರಿಸಿದ ಪರಂಪರೆ ನಮ್ಮದು. ಕಾಯಕದಲ್ಲಿ ಮೇಲು-ಕೀಳಿಲ್ಲವೆಂಬ ತತ್ತ್ವವನ್ನು ಮುಂದೊಡ್ಡಿ, ಇನ್ನೊಬ್ಬನನ್ನು ವಿಷದ ಗುಂಡಿಗೆ ಇಳಿಸುವುದನ್ನೂ ಕಾಯಕವೆಂದು ಕರೆಯುವವರಿದ್ದಾರೆ. ಕಾಯಕವು ಕಾಯವನ್ನು ಉಳಿಸಿಕೊಂಡು ಮಾಡತಕ್ಕದ್ದು. ನಮ್ಮ ಮನೆಯ ಮಲಕ್ಕಾಗಿ ಇನ್ನೊಂದು ಮನೆಯ ಮಗನು ಸಾಯುವುದಾದರೆ ನಾವು ಅಂಗಳವನ್ನು ಎಷ್ಟು ಸಾರಿಸಿದರೂ ಅದು ಶುದ್ಧಿಯೆನಿಸದು. ಯಂತ್ರವನ್ನು ತರಿಸಲು ತುಸು ಹೆಚ್ಚು ಹಣ ಬೇಕಾಗಬಹುದು, ಎರಡು ದಿನ ಕಾಯಬೇಕಾಗಬಹುದು. ಒಬ್ಬರಿಗೆ ಭಾರವೆನಿಸಿದರೆ ಓಣಿಯ ನಾಲ್ಕು ಮನೆಯವರು ಕೂಡಿ ಒಂದೇ ದಿನ ಕರೆಸಿಕೊಳ್ಳಬಹುದು. ಮುಂಗಾರಿಗೆ ಮುನ್ನವೇ ಈ ಕಾರ್ಯವನ್ನು ಮುಗಿಸಿಕೊಳ್ಳಬೇಕೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.