ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್: ಊರೂರ ಪೈಪೋಟಿ, ಲೀಗ್ ದಾಖಲೆ – ಮುಖ್ಯಾಂಶಗಳು

ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ ಚರಿತ್ರೆ ಓದುವವರು ಮೊದಲು ಹಿಡಿಯಬೇಕಾದ ಎಳೆ ಒಂದೇ. ಅಲ್ಲಿ ಪೈಪೋಟಿ ಮೊದಲು ಹುಟ್ಟಿತು, ಲೀಗ್ ಆಮೇಲೆ ಬಂತು, ದಾಖಲೆ ಬರೆದಿಡುವ ಶಿಸ್ತು ಅದಕ್ಕೂ ಆಮೇಲಿನದು. ನೆರೆಯ ಊರುಗಳ ಹುಡುಗರು 1870–80ರ ದಶಕದಲ್ಲೇ ಸೆಣಸುತ್ತಿದ್ದರು. ರಾಜ್ಯಮಟ್ಟದ ಸಂಘಗಳು ನೆಲೆಯೂರಿದ್ದು 20ನೇ ಶತಮಾನದಲ್ಲಿ. ಈ ಕ್ರಮ ಮನಸ್ಸಿನಲ್ಲಿದ್ದರೆ ಇಸವಿಗಳು ಗೊಂದಲ ಮಾಡುವುದಿಲ್ಲ.

ಆಟದ ತಿರುಳು

• ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್. ಚೆಂಡಿನ ಎರಡು ತುದಿಯೂ ಚೂಪು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ನಾವು ಫುಟ್‌ಬಾಲ್ ಎನ್ನುವ ಆಟಕ್ಕೆ ಅಲ್ಲಿ ಸಾಕರ್ ಎಂದು ಹೆಸರು.

• ತಂಡಕ್ಕೆ 11 ಆಟಗಾರರು. ಅಂಗಳದ ಉದ್ದ 100 ಗಜ, ಎರಡೂ ಕೊನೆಯಲ್ಲಿ 10 ಗಜದ ಎಂಡ್ ಝೋನ್. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎದುರಾಳಿಯ ಎಂಡ್ ಝೋನ್‌ಗೆ ಒಯ್ಯುವ ಟಚ್‌ಡೌನ್‌ಗೆ 6, ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ 3, ಎದುರಾಳಿಯನ್ನು ಅವರದೇ ಎಂಡ್ ಝೋನ್‌ನಲ್ಲಿ ಕೆಡವುವ ಸೇಫ್ಟಿಗೆ 2 ಅಂಕ. ಹೈಸ್ಕೂಲ್ ಪಂದ್ಯದಲ್ಲಿ 12 ನಿಮಿಷದ ನಾಲ್ಕು ಕ್ವಾರ್ಟರ್.

• ನಿಯಮಗಳ ರೂವಾರಿ ವಾಲ್ಟರ್ ಕ್ಯಾಂಪ್. ಎರಡು ತಂಡಗಳನ್ನು ಎದುರುಬದುರು ನಿಲ್ಲಿಸುವ ಸ್ಕ್ರಿಮೇಜ್ ರೇಖೆ 1880ರಲ್ಲಿ ಬಂತು. 1882ರಲ್ಲಿ ಮೂರು ಯತ್ನಕ್ಕೆ 5 ಗಜ ಎಂಬ ನಿಯಮ ಸೇರಿತು. ನಾಲ್ಕನೇ ಯತ್ನವೂ 6 ಅಂಕದ ಟಚ್‌ಡೌನೂ 1912ರವು. ಆದ್ದರಿಂದ 19ನೇ ಶತಮಾನದ ಅಂಕಪಟ್ಟಿಯನ್ನು ಇಂದಿನದರ ಪಕ್ಕ ಇಟ್ಟು ಅಳೆಯುವುದು ಸರಿಯಲ್ಲ.

• 1905ರಲ್ಲಿ ಆಟದ ಸಾವುನೋವು ದೇಶವನ್ನೇ ಕಲಕಿತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಪ್ರಮುಖ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವ ಫಾರ್ವರ್ಡ್ ಪಾಸ್‌ಗೆ ಒಪ್ಪಿಗೆ ಸಿಕ್ಕಿತು.

ಆಡಳಿತ

ಹೈಸ್ಕೂಲ್ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟ 1920ರಲ್ಲಿ ಹುಟ್ಟಿತು. ಕೇಂದ್ರ ಕಚೇರಿ ಇಂಡಿಯಾನಾಪೊಲಿಸ್. 50 ರಾಜ್ಯಗಳ ಜೊತೆ ರಾಜಧಾನಿ ವಾಷಿಂಗ್ಟನ್ ಸೇರಿ 51 ಸದಸ್ಯ ಸಂಘಗಳಿವೆ. ನಿಯಮ ಪುಸ್ತಕ ಬರೆಯುವುದು, ದಾಖಲೆ ಕಾಯುವುದು ಇದರ ಕೆಲಸ. ಆದರೆ ಫುಟ್‌ಬಾಲ್‌ನಲ್ಲಿ ಇದು ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸುವುದಿಲ್ಲ. ಯಾವುದಾದರೂ ಶಾಲೆಯನ್ನು ರಾಷ್ಟ್ರೀಯ ಚಾಂಪಿಯನ್ ಎಂದು ಕರೆದಿದ್ದರೆ ಅದು ಪತ್ರಿಕೆಗಳೋ ಸಮೀಕ್ಷಾ ಸಂಸ್ಥೆಗಳೋ ಕೊಟ್ಟ ಶ್ರೇಯಾಂಕ. ಅಧಿಕೃತ ಪ್ರಶಸ್ತಿ ರಾಜ್ಯಮಟ್ಟಕ್ಕೇ ಮುಗಿಯುತ್ತದೆ. ವಿದ್ಯಾರ್ಥಿಗಳ ಸಂಖ್ಯೆ ನೋಡಿ ಶಾಲೆಗಳನ್ನು ವಿಭಾಗಗಳಾಗಿ ಹಂಚುವುದರಿಂದ ಒಂದೇ ರಾಜ್ಯದಲ್ಲಿ ಒಂದೇ ವರ್ಷ ಹಲವು ಚಾಂಪಿಯನ್ನರು ಇರುತ್ತಾರೆ. ಉದಾಹರಣೆಗೆ ಒಹಾಯೊದಲ್ಲಿ ಏಳು ವಿಭಾಗಗಳಿವೆ.

ಟೆಕ್ಸಸ್ ಮಾತ್ರ ಒಕ್ಕೂಟದ ನಿಯಮ ಪುಸ್ತಕ ಬಿಟ್ಟು ಕಾಲೇಜು ನಿಯಮಗಳಂತೆ ಆಡುತ್ತದೆ. ಮ್ಯಾಸಚೂಸೆಟ್ಸ್ ಕೂಡ ಹಾಗೇ ಆಡುತ್ತಿತ್ತು, 2019ರಲ್ಲಿ ಒಕ್ಕೂಟದ ನಿಯಮಗಳಿಗೆ ಬಂತು.

ಅತಿ ಹಳೆಯ ಪೈಪೋಟಿ ಯಾವುದು?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪರೀಕ್ಷೆಗೆ ಓದುವ ಅಭ್ಯರ್ಥಿಗಳು ಹೆಚ್ಚು ಎಡವುವ ಜಾಗವೂ ಇದೇ. ಖಾಸಗಿ ಶಾಲೆಯೋ ಸರಕಾರಿ ಶಾಲೆಯೋ, ನಡುವೆ ನಿಂತುಹೋಗಿತ್ತೋ ಸತತವಾಗಿ ನಡೆಯಿತೋ ಎಂಬ ಷರತ್ತು ನೋಡಿ ಉತ್ತರ ಬರೆಯಬೇಕು.

• 1875: ಕನೆಕ್ಟಿಕಟ್‌ನ ನಾರ್ವಿಚ್ ಫ್ರೀ ಅಕಾಡೆಮಿ – ನ್ಯೂ ಲಂಡನ್. ಹೈಸ್ಕೂಲ್ ಮಟ್ಟದಲ್ಲಿ ಅತಿ ಹಳೆಯದೆಂದು ಹೆಸರಾದದ್ದು.

• 1878: ಆಂಡೋವರ್‌ನ ಫಿಲಿಪ್ಸ್ ಅಕಾಡೆಮಿ – ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿ. ಎರಡೂ ಖಾಸಗಿ ವಸತಿಶಾಲೆಗಳು.

• 1882: ಮ್ಯಾಸಚೂಸೆಟ್ಸ್‌ನ ವೆಲ್ಸ್‌ಲಿ – ನೀಡಮ್. ಸರಕಾರಿ ಹೈಸ್ಕೂಲುಗಳ ನಡುವಿನ ಅತಿ ಹಳೆಯದು. ಪಂದ್ಯ ಥ್ಯಾಂಕ್ಸ್‌ಗಿವಿಂಗ್ ದಿನ.

• 1887: ಬಾಸ್ಟನ್ ಲ್ಯಾಟಿನ್ – ಬಾಸ್ಟನ್ ಇಂಗ್ಲಿಷ್ ಹೈಸ್ಕೂಲ್. ಸತತವಾಗಿ ನಡೆದುಬಂದವುಗಳಲ್ಲಿ ಹಳೆಯದೆಂಬ ಹೆಗ್ಗಳಿಕೆ ಇದರದು. 1635ರಲ್ಲಿ ಆರಂಭವಾದ ಲ್ಯಾಟಿನ್ ಶಾಲೆ ದೇಶದ ಮೊದಲ ಸಾರ್ವಜನಿಕ ಶಾಲೆ. 1821ರ ಇಂಗ್ಲಿಷ್ ಶಾಲೆ ಮೊದಲ ಸಾರ್ವಜನಿಕ ಹೈಸ್ಕೂಲ್. ಶಿಕ್ಷಣ ಚರಿತ್ರೆಯ ಪ್ರಶ್ನೆಗೂ ಈ ಒಂದು ಜೋಡಿ ಸಾಕು.

• 1889: ಬಾಲ್ಟಿಮೋರ್ ಸಿಟಿ ಕಾಲೇಜ್ – ಪಾಲಿಟೆಕ್ನಿಕ್. ಕಾಲೇಜ್ ಎಂಬುದು ಹೆಸರು ಮಾತ್ರ, ಎರಡೂ ಹೈಸ್ಕೂಲುಗಳೇ. 1893: ಕೆಂಟಕಿಯ ಲೂಯಿವಿಲ್ ನಗರದ ಮೇಲ್ – ಮ್ಯಾನುಯಲ್. 1907: ಮಿಸೌರಿಯ ಕರ್ಕ್‌ವುಡ್ – ವೆಬ್‌ಸ್ಟರ್ ಗ್ರೋವ್ಸ್. ಗೆದ್ದ ಶಾಲೆಗೆ ಸಿಗುವುದು ಫ್ರಿಸ್ಕೊ ಗಂಟೆ.

ಥ್ಯಾಂಕ್ಸ್‌ಗಿವಿಂಗ್ ಎಂದರೆ ನವೆಂಬರ್‌ನ ನಾಲ್ಕನೇ ಗುರುವಾರ (1941ರ ಕಾಯ್ದೆ). ಮನೆಮಂದಿಯೆಲ್ಲ ಊರಿಗೆ ಬರುವ ಹಬ್ಬ. ಹಳೆಯ ವಿದ್ಯಾರ್ಥಿಗಳು ತಂತಾನೇ ಸೇರುವ ದಿನವಾದ್ದರಿಂದ ಪೈಪೋಟಿಯ ಪಂದ್ಯಗಳು ಅದಕ್ಕೇ ಅಂಟಿಕೊಂಡವು. ರಾಜ್ಯಮಟ್ಟದ ನಾಕೌಟ್ ಸುತ್ತುಗಳು ನವೆಂಬರ್‌ಗೆ ಬಂದ ಮೇಲೆ ಎಷ್ಟೋ ರಾಜ್ಯಗಳಲ್ಲಿ ಈ ವಾಡಿಕೆ ಸೊರಗಿತು. ನನ್ನ ಮಟ್ಟಿಗೆ ಅದು ನಿಜವಾದ ನಷ್ಟ.

ಮ್ಯಾಸಿಲನ್ – ಕ್ಯಾಂಟನ್: ಬಿಡದೆ ಓದಬೇಕಾದ ಜೋಡಿ

ಒಂದೇ ಪೈಪೋಟಿ ಓದಲು ಸಮಯವಿದ್ದರೆ ಇದನ್ನೇ ಓದಿ. ಒಹಾಯೊ ರಾಜ್ಯದ ಸ್ಟಾರ್ಕ್ ಕೌಂಟಿಯ ಈ ಎರಡು ಉಕ್ಕಿನ ಊರುಗಳು ಮಗ್ಗುಲಲ್ಲೇ ಇವೆ. ಮ್ಯಾಸಿಲನ್‌ನ ವಾಷಿಂಗ್ಟನ್ ಹೈಸ್ಕೂಲ್ ಮತ್ತು ಕ್ಯಾಂಟನ್‌ನ ಮೆಕಿನ್ಲಿ ಹೈಸ್ಕೂಲ್ ಮೊದಲು ಎದುರಾದದ್ದು 1894ರಲ್ಲಿ. ಎರಡಕ್ಕೂ ಅಮೆರಿಕದ ಅಧ್ಯಕ್ಷರ ಹೆಸರು. ವಿಲಿಯಂ ಮೆಕಿನ್ಲಿ ಕ್ಯಾಂಟನ್‌ನಲ್ಲೇ ನೆಲೆಸಿದ್ದವರು. ಇವೆರಡರ ನಡುವೆ ಈವರೆಗೆ 130ಕ್ಕೂ ಹೆಚ್ಚು ಪಂದ್ಯಗಳಾಗಿವೆ. 100ನೆಯದು 1994ರಲ್ಲಿ ನಡೆಯಿತು. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನು ಮ್ಯಾಸಿಲನ್ 42–41ರಿಂದ ಗೆದ್ದಿತು.

ಮ್ಯಾಸಿಲನ್‌ನಲ್ಲಿ ಹುಟ್ಟಿದ ಗಂಡುಮಗುವಿಗೆ ಪುಟ್ಟ ಫುಟ್‌ಬಾಲ್ ಕೊಡುವ ವಾಡಿಕೆ ದಶಕಗಳಿಂದ ಇದೆ. ತಂಡದ ಲಾಂಛನ ಹುಲಿ, ಅಂಗಳದ ಬದಿಯಲ್ಲಿ ಜೀವಂತ ಹುಲಿಮರಿಯನ್ನು ತಂದು ನಿಲ್ಲಿಸಿದ ಕಾಲವೂ ಇತ್ತು. 2001ರ ‘ಗೋ ಟೈಗರ್ಸ್!’ ಸಾಕ್ಷ್ಯಚಿತ್ರ ಈ ಊರಿನದೇ.

ಪಾಲ್ ಬ್ರೌನ್ ಇದೇ ಶಾಲೆಯ ಹಳೆಯ ವಿದ್ಯಾರ್ಥಿ. 1932ರಿಂದ 1940ರವರೆಗೆ ಇಲ್ಲಿ ತರಬೇತುದಾರರಾಗಿದ್ದಾಗ ಅವರ ಲೆಕ್ಕ 80 ಗೆಲುವು, 8 ಸೋಲು, 2 ಸಮ. ಮುಂದೆ 1942ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದರು, ವೃತ್ತಿಪರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಮೊದಲ ತರಬೇತುದಾರರಾದರು, 1968ರಲ್ಲಿ ಕಣಕ್ಕಿಳಿದ ಸಿನ್ಸಿನಾಟಿ ಬೆಂಗಾಲ್ಸ್ ತಂಡವನ್ನು ಕಟ್ಟಿದರು.

ಇಲ್ಲೊಂದು ಸೂಕ್ಷ್ಮವಿದೆ. ಒಹಾಯೊದಲ್ಲಿ ರಾಜ್ಯ ಪ್ರಶಸ್ತಿಗೆ ನಾಕೌಟ್ ಪಂದ್ಯಗಳು ಶುರುವಾದದ್ದು 1972ರಲ್ಲಿ. ಅದಕ್ಕೆ ಮುಂಚೆ ಪತ್ರಕರ್ತರ ಮತವೇ ಚಾಂಪಿಯನ್ನರನ್ನು ತೀರ್ಮಾನಿಸುತ್ತಿತ್ತು. ಮ್ಯಾಸಿಲನ್‌ನ ಹಳೆಯ ಪ್ರಶಸ್ತಿಗಳೆಲ್ಲ ಹಾಗೆ ಬಂದವು. ಅಂಗಳದಲ್ಲಿ ಗೆದ್ದ ಮೊದಲ ರಾಜ್ಯ ಪ್ರಶಸ್ತಿಗೆ ಊರು 2023ರವರೆಗೆ ಕಾಯಬೇಕಾಯಿತು. ಅಂತಿಮ ಪಂದ್ಯದಲ್ಲಿ ಆಕ್ರನ್‌ನ ಹೋಬನ್ ಶಾಲೆಯನ್ನು ಅದು 7–2ರಿಂದ ಸೋಲಿಸಿತು. ಮೆಕಿನ್ಲಿ ಅಷ್ಟರಲ್ಲಿ 1981, 1997, 1998ರಲ್ಲಿ ಗೆದ್ದಾಗಿತ್ತು.

ವೃತ್ತಿಪರ ಆಟದ ಬೇರೂ ಇಲ್ಲಿದೆ. ಎರಡೂ ಊರಿನ ವೃತ್ತಿಪರ ತಂಡಗಳ ನಡುವೆ 1906ರಲ್ಲಿ ಬಾಜಿ ಹಗರಣವೆದ್ದಿತ್ತು. ಇಂದಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ 1920ರಲ್ಲಿ ಕ್ಯಾಂಟನ್‌ನ ಒಂದು ಕಾರು ಮಾರಾಟ ಮಳಿಗೆಯಲ್ಲಿ ರೂಪುಗೊಂಡಿತು. ಈಗಿನ ಹೆಸರು ಬಂದದ್ದು 1922ರಲ್ಲಿ. ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ 1963ರಲ್ಲಿ ಅಲ್ಲೇ ತೆರೆಯಿತು.

ಹೊಳೆಯ ಆಚೆ ಈಚೆ

ಪೆನ್ಸಿಲ್ವೇನಿಯಾದ ಈಸ್ಟನ್ ಮತ್ತು ನ್ಯೂಜೆರ್ಸಿಯ ಫಿಲಿಪ್ಸ್‌ಬರ್ಗ್ ನಡುವೆ ಇರುವುದು ಡೆಲವೇರ್ ನದಿ ಮಾತ್ರ. ರಾಜ್ಯ ಬೇರೆ, ಸಂಘ ಬೇರೆ, ಲೀಗ್ ಬೇರೆ. ಆದರೂ 20ನೇ ಶತಮಾನದ ಮೊದಲ ದಶಕದಿಂದ ಥ್ಯಾಂಕ್ಸ್‌ಗಿವಿಂಗ್ ಪೈಪೋಟಿ ನಡೆದುಬಂದಿದೆ. ಲೀಗ್ ಇಲ್ಲದೆಯೂ ಪೈಪೋಟಿ ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. 1993ರ ಪಂದ್ಯ 7–7ರಲ್ಲಿ ಸಮವಾಗಿತ್ತು. 2009ರ ಏಪ್ರಿಲ್‌ನಲ್ಲಿ ಅದೇ ಆಟಗಾರರು, ಈಗ ನಡುವಯಸ್ಸಿನ ಹೊಸ್ತಿಲಲ್ಲಿದ್ದವರು, ತಿಂಗಳುಗಟ್ಟಲೆ ಮೈ ಹದಗೊಳಿಸಿಕೊಂಡು ಮತ್ತೆ ಆಡಿದರು. ಫಿಲಿಪ್ಸ್‌ಬರ್ಗ್ 27–12ರಿಂದ ಗೆದ್ದಿತು.

ಬಣ್ಣದ ಗೋಡೆ

• ಟೆಕ್ಸಸ್‌ನಲ್ಲಿ ಕರಿಯರ ಶಾಲೆಗಳಿಗೆ 1920ರಿಂದ ಪ್ರತ್ಯೇಕ ಸಂಘವಿತ್ತು, ಪ್ರೈರಿ ವ್ಯೂ ಇಂಟರ್‌ಸ್ಕೊಲಾಸ್ಟಿಕ್ ಲೀಗ್. 1960ರ ದಶಕದ ಕೊನೆಯಲ್ಲಿ ಅದರ ಶಾಲೆಗಳು ರಾಜ್ಯದ ಮುಖ್ಯ ಲೀಗ್ ಸೇರತೊಡಗಿದವು. 1970ಕ್ಕೆ ಅದು ಮುಚ್ಚಿತು.

• ಆ ಲೀಗ್‌ನ ಕಳಶ ಹೂಸ್ಟನ್‌ನ ಯೇಟ್ಸ್ – ವೀಟ್ಲಿ ಪಂದ್ಯ (1927–1966). ಥ್ಯಾಂಕ್ಸ್‌ಗಿವಿಂಗ್ ದಿನದ ಆ ಪಂದ್ಯಕ್ಕೆ ಸಾವಿರಾರು ಜನ ಹಬ್ಬದ ಉಡುಗೆಯಲ್ಲಿ ಬರುತ್ತಿದ್ದರು. ರಾಜ್ಯದ ದಾಖಲೆ ಪುಸ್ತಕಗಳಲ್ಲಿ ಈ ಆಟಗಾರರ ಸಾಧನೆಗೆ ಬಹುಕಾಲ ಜಾಗ ಸಿಗಲಿಲ್ಲ. ಹಳೆಯ ದಾಖಲೆಗಳನ್ನು ಓದುವಾಗ ಈ ಅನ್ಯಾಯವನ್ನು ಮರೆಯಕೂಡದು.

• 1971: ವರ್ಜೀನಿಯಾದ ಅಲೆಕ್ಸಾಂಡ್ರಿಯಾದ ಟಿ.ಸಿ. ವಿಲಿಯಮ್ಸ್ ಶಾಲೆ. ನಗರದ ಹೈಸ್ಕೂಲುಗಳನ್ನು ಮರುವಿಂಗಡಿಸಿದ ವರ್ಷವೇ ಬಿಳಿಯ–ಕರಿಯ ಹುಡುಗರ ಮಿಶ್ರ ತಂಡ 13–0 ಸಾಧಿಸಿ ರಾಜ್ಯ ಪ್ರಶಸ್ತಿ ಗೆದ್ದಿತು. ತರಬೇತುದಾರ ಹರ್ಮನ್ ಬೂನ್. 2000ದ ‘ರಿಮೆಂಬರ್ ದಿ ಟೈಟನ್ಸ್’ ಚಿತ್ರಕ್ಕೆ ಇದೇ ಆಧಾರ. ಶಾಲೆಯ ಹೆಸರು 2021ರಲ್ಲಿ ಅಲೆಕ್ಸಾಂಡ್ರಿಯಾ ಸಿಟಿ ಹೈಸ್ಕೂಲ್ ಎಂದಾಯಿತು.

ಟೆಕ್ಸಸ್

ರಾಜ್ಯದ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್ ಸ್ಥಾಪನೆ 1910. ಫುಟ್‌ಬಾಲ್‌ನ ಮೊದಲ ರಾಜ್ಯ ಪ್ರಶಸ್ತಿ 1920ರ ಋತುವಿನದು. ಹೂಸ್ಟನ್ ಹೈಟ್ಸ್ ಮತ್ತು ಕ್ಲೀಬರ್ನ್ 0–0 ಸಮ ಮಾಡಿ ಹಂಚಿಕೊಂಡವು.

1984ರಲ್ಲಿ ಟೆಕ್ಸಸ್ ‘ಪಾಸಾಗದಿದ್ದರೆ ಆಟವಿಲ್ಲ’ ಎಂಬ ಕಾನೂನು ತಂದಿತು. ಒಂದು ವಿಷಯದಲ್ಲಿ ಫೇಲಾದರೂ ಹುಡುಗ ಅಂಗಳಕ್ಕಿಳಿಯುವಂತಿಲ್ಲ. 1988ರಲ್ಲಿ ಡಲ್ಲಾಸ್‌ನ ಕಾರ್ಟರ್ ಹೈಸ್ಕೂಲ್ ಸೆಮಿಫೈನಲ್‌ನಲ್ಲಿ ಒಡೆಸ್ಸಾದ ಪರ್ಮಿಯನ್ ಶಾಲೆಯನ್ನು 14–9ರಿಂದ ಮಣಿಸಿ ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಒಬ್ಬ ಆಟಗಾರನ ಬೀಜಗಣಿತದ ಅಂಕದ ಸುತ್ತ ನಡೆದ ವ್ಯಾಜ್ಯದ ಕೊನೆಯಲ್ಲಿ ಆ ಪ್ರಶಸ್ತಿಯನ್ನು ಕಿತ್ತು, ಫೈನಲ್‌ನಲ್ಲಿ ಸೋತಿದ್ದ ಕನ್ವರ್ಸ್ ಜಡ್ಸನ್ ಶಾಲೆಗೆ ಕೊಡಲಾಯಿತು. ಎಚ್.ಜಿ. ಬಿಸಿಂಜರ್ ಅವರ ‘ಫ್ರೈಡೇ ನೈಟ್ ಲೈಟ್ಸ್’ (1990) ಪುಸ್ತಕ ಪರ್ಮಿಯನ್‌ನ ಇದೇ ಋತುವಿನ ಕಥೆ. ಅದು 2004ರಲ್ಲಿ ಚಲನಚಿತ್ರವಾಯಿತು, 2006ರಲ್ಲಿ ದೂರದರ್ಶನ ಧಾರಾವಾಹಿಯಾಯಿತು.

ಡಲ್ಲಾಸ್‌ನ ಉತ್ತರಕ್ಕಿರುವ ಆ್ಯಲೆನ್‌ನಲ್ಲಿ 2012ರಲ್ಲಿ 6 ಕೋಟಿ ಡಾಲರ್ ವೆಚ್ಚದ, 18,000 ಆಸನಗಳ ಹೈಸ್ಕೂಲ್ ಕ್ರೀಡಾಂಗಣ ತೆರೆಯಿತು. ಕಾಂಕ್ರೀಟ್ ಬಿರುಕು ಬಿಟ್ಟು 2014ರಲ್ಲಿ ಮುಚ್ಚಿ, ದುರಸ್ತಿಯಾಗಿ 2015ರಲ್ಲಿ ಮತ್ತೆ ತೆರೆಯಿತು.

ದಾಖಲೆಗಳು

• ಸತತ ಗೆಲುವು: ಕ್ಯಾಲಿಫೋರ್ನಿಯಾದ ಕಾನ್ಕರ್ಡ್‌ನ ಡಿ ಲಾ ಸಾಲ್ ಹೈಸ್ಕೂಲ್, 151 ಪಂದ್ಯ (1992–2004). ಸರಣಿ ಮುರಿದದ್ದು ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಶಾಲೆ, 39–20ರಿಂದ, ಸಿಯಾಟಲ್‌ನಲ್ಲಿ. ಹಿಂದಿನ ದಾಖಲೆ ಮಿಷಿಗನ್‌ನ ಹಡ್ಸನ್ ಶಾಲೆಯ 72 (1968–1975). ಹಳೆಯದರ ಎರಡರಷ್ಟಕ್ಕೂ ಮೀರಿದ್ದು ಗಮನಾರ್ಹ. ತರಬೇತುದಾರ ಬಾಬ್ ಲಾಡಸೂರ್ ಅವರ ಒಟ್ಟು ಲೆಕ್ಕ 399 ಗೆಲುವು, 25 ಸೋಲು, 3 ಸಮ.

• ತರಬೇತುದಾರರು: ದಕ್ಷಿಣ ಕ್ಯಾರೊಲೈನಾದ ಸಮರ್‌ವಿಲ್ ಹೈಸ್ಕೂಲ್‌ನ ಜಾನ್ ಮೆಕಿಸಿಕ್, 1952ರಿಂದ 2014ರವರೆಗೆ 621 ಗೆಲುವು, 10 ರಾಜ್ಯ ಪ್ರಶಸ್ತಿ. 600 ದಾಟಿದ ಮೊದಲಿಗರು. ಲೂಸಿಯಾನಾದ ಜೆ.ಟಿ. ಕರ್ಟಿಸ್ ಕೂಡ ಆಮೇಲೆ 600 ದಾಟಿದರು.

• ಓಟದ ಗಜಗಳು: ಟೆಕ್ಸಸ್‌ನ ಶುಗರ್ ಲ್ಯಾಂಡ್ ಶಾಲೆಯ ಕೆನ್ ಹಾಲ್, 11,232 ಗಜ (1950–53). 2012ರಲ್ಲಿ ಇದನ್ನು ಮುರಿದವರು ಫ್ಲಾರಿಡಾದ ಯೂಲೀ ಶಾಲೆಯ ಡೆರಿಕ್ ಹೆನ್ರಿ, 12,124 ಗಜ. ಹಾಲ್ ದಾಖಲೆ ನಿಂತದ್ದು 59 ವರ್ಷ. ಹೆನ್ರಿ 2015ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಪರ ಆಡುತ್ತ ಕಾಲೇಜು ಫುಟ್‌ಬಾಲ್‌ನ ಹೈಸ್‌ಮನ್ ಟ್ರೋಫಿ ಪಡೆದರು.

• ಒಟ್ಟು ಗೆಲುವು: ಜಾರ್ಜಿಯಾದ ವಾಲ್ಡೋಸ್ಟಾ ಹೈಸ್ಕೂಲ್ 900ಕ್ಕೂ ಹೆಚ್ಚು ಪಂದ್ಯ, 24 ರಾಜ್ಯ ಪ್ರಶಸ್ತಿ ಗೆದ್ದಿದೆ. ಇವುಗಳಲ್ಲಿ 14 ಪ್ರಶಸ್ತಿ ತರಬೇತುದಾರ ರೈಟ್ ಬೇಜ್‌ಮೋರ್ ಕಾಲದವು. ನೆರೆಯ ಲೌಂಡ್ಸ್ ಶಾಲೆಯೊಡನೆ ಇದರ ಪೈಪೋಟಿಯ ಹೆಸರು ವಿನ್ನರ್ಸ್‌ವಿಲ್ ಕ್ಲಾಸಿಕ್.

• ಜನಸಂದಣಿ: 1937ರ ನವೆಂಬರ್, ಷಿಕಾಗೊದ ಸೋಲ್ಜರ್ ಫೀಲ್ಡ್, ಆಸ್ಟಿನ್ 26 – ಲಿಯೊ 0. ಪ್ರೇಕ್ಷಕರು ಅಂದಾಜು 1,20,000. ಜನ ಮುಗಿಬಿದ್ದದ್ದು ಆಸ್ಟಿನ್ ತಂಡದ ಬಿಲ್ ಡಿಕೊರೆವಾಂಟ್ ಆಟ ನೋಡಲು.

ಪುಟ್ಟ ಶಾಲೆಗಳ ಆಟ

ಆರ್ಥಿಕ ಮಹಾಕುಸಿತದ ಕಾಲದಲ್ಲಿ ಹಳ್ಳಿಶಾಲೆಗಳಿಗೆ 11 ಹುಡುಗರನ್ನು ಕೂಡಿಸುವುದೇ ಕಷ್ಟವಾಗಿತ್ತು. ನೆಬ್ರಾಸ್ಕಾದ ಚೆಸ್ಟರ್ ಊರಿನ ಶಿಕ್ಷಕ ಸ್ಟೀಫನ್ ಎಪ್ಲರ್ 1934ರಲ್ಲಿ ಆರು ಮಂದಿಯ ಫುಟ್‌ಬಾಲ್ ರೂಪಿಸಿದರು. ಮೊದಲ ಪಂದ್ಯ ಅದೇ ಸೆಪ್ಟೆಂಬರ್‌ನಲ್ಲಿ ಹೀಬ್ರನ್‌ನಲ್ಲಿ ನಡೆಯಿತು. ಅಂಗಳ 80 ಗಜ ಉದ್ದ, 40 ಗಜ ಅಗಲ. 10ರ ಬದಲು 15 ಗಜ ಸಾಗಬೇಕು. ದ್ವಿತೀಯಾರ್ಧದಲ್ಲಿ ಅಂತರ 45 ಅಂಕ ಮುಟ್ಟಿದರೆ ಪಂದ್ಯ ಅಲ್ಲಿಗೇ ಮುಗಿಯಿತು. ಟೆಕ್ಸಸ್‌ನ ಪುಟ್ಟ ಊರುಗಳಲ್ಲಿ ಇಂದಿಗೂ ಶುಕ್ರವಾರದ ಆಟ ಇದೇ. ಆರು ಮಂದಿಯ ದಾಖಲೆಗಳನ್ನು ಹನ್ನೊಂದು ಮಂದಿಯ ದಾಖಲೆಗಳೊಡನೆ ಬೆರೆಸಿ ಉತ್ತರಿಸಬಾರದು.

ಕಾನೂನು

• 1961ರ ಕ್ರೀಡಾ ಪ್ರಸಾರ ಕಾಯ್ದೆ, 1966ರ ತಿದ್ದುಪಡಿಯ ಬಳಿಕ, ಶುಕ್ರವಾರದ ಸಂಜೆಯನ್ನು ಶಾಲೆಗಳಿಗೂ ಕಾದಿಟ್ಟಿತು. ಸೆಪ್ಟೆಂಬರ್‌ನ ಎರಡನೇ ಶುಕ್ರವಾರದಿಂದ ಡಿಸೆಂಬರ್‌ನ ಎರಡನೇ ಶನಿವಾರದವರೆಗೆ, ಹೈಸ್ಕೂಲ್ ಅಥವಾ ಕಾಲೇಜು ಪಂದ್ಯ ನಡೆಯುವ ಜಾಗದ 75 ಮೈಲಿಯೊಳಗಿನ ಕೇಂದ್ರಗಳಿಂದ ಶುಕ್ರವಾರ ಸಂಜೆ ಮತ್ತು ಶನಿವಾರ ವೃತ್ತಿಪರ ಪಂದ್ಯ ಬಿತ್ತರಿಸಿದರೆ, ವೃತ್ತಿಪರ ಲೀಗ್‌ಗೆ ಇದೇ ಕಾಯ್ದೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಕೊಟ್ಟ ವಿನಾಯಿತಿ ಅನ್ವಯಿಸುವುದಿಲ್ಲ.

• ತಲೆಪೆಟ್ಟಾದ ಆಟಗಾರ ಪರಿಣತರ ಒಪ್ಪಿಗೆಯಿಲ್ಲದೆ ಮರಳಿ ಆಡಕೂಡದು ಎಂಬ ಮೊದಲ ಕಾಯ್ದೆ ಬಂದದ್ದು 2009ರಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ. ಹೆಸರು ಲಿಸ್ಟೆಟ್ ಕಾಯ್ದೆ. 2014ರ ಹೊತ್ತಿಗೆ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂದಿತ್ತು.