ಅಂಟುಹಾಳೆ

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಕಾಲ ಬಂತೆಂದರೆ ರಸ್ತೆಗಳ ಚಿತ್ರವೇ ಬದಲಾಗುತ್ತದೆ. ಆಳೆತ್ತರಕ್ಕೂ ಮೀರಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆಯುತ್ತ ಹಗಲಿರುಳೆನ್ನದೆ ಸಕ್ಕರೆ ಕಾರ್ಖಾನೆಗಳತ್ತ ಸಾಗುತ್ತವೆ. ಹಿಂದಕ್ಕೆ ಚಾಚಿಕೊಂಡ ಕಬ್ಬಿನ ಸೋಗೆಯು ಟ್ರೇಲರಿನ ದೀಪವನ್ನು ಮರೆಮಾಡುವುದುಂಟು. ಕೆಲವು ಟ್ರೇಲರುಗಳಿಗೆ ದೀಪವೇ ಇರುವುದಿಲ್ಲ. ಅಂಥದೊಂದು ಬಂಡಿಯು ಅಮಾವಾಸ್ಯೆಯ ಇರುಳಿನಲ್ಲಿ ಚಕ್ರ ಕೆಟ್ಟು ರಸ್ತೆಯ ಮಧ್ಯದಲ್ಲಿಯೇ ನಿಂತಿದೆಯೆಂದು ಭಾವಿಸೋಣ. ಹಿಂದಿನಿಂದ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ವಾಹನವು ಒಂದೊಂದು ಸೆಕೆಂಡಿಗೆ ಸುಮಾರು 22 ಮೀಟರ್ ಮುಂದೆ ಸರಿಯುತ್ತದೆ. ಚಾಲಕನು ಕಂಡು, ಎಚ್ಚೆತ್ತು, ತಡೆಯನ್ನು ಒತ್ತಿ, ವಾಹನವು ನಿಲ್ಲುವಷ್ಟರಲ್ಲಿ ಐವತ್ತು ಮೀಟರಿಗೂ ಹೆಚ್ಚು ದೂರ ಕಳೆದಿರುತ್ತದೆ. ಆ ದೂರದಿಂದಲೇ ಕಣ್ಣಿಗೆ ಬೀಳದ ವಾಹನವು ವಾಹನವಲ್ಲ, ಕತ್ತಲಲ್ಲಿ ನಿಂತ ಗೋಡೆ.

ಈ ಗೋಡೆಗೆ ಕಣ್ಣು ಕೊಡುವ ವಸ್ತುವೊಂದಿದೆ. ಅದು ಎರಡು ಬೆರಳಗಲದ ಒಂದು ಅಂಟುಪಟ್ಟಿ. ಸರಕು ಸಾಗಿಸುವ ವಾಹನಗಳ ಮುಂಭಾಗಕ್ಕೆ ಬಿಳಿಯ, ಪಕ್ಕಗಳಿಗೆ ಹಳದಿಯ, ಹಿಂಭಾಗಕ್ಕೆ ಕೆಂಪು ಬಣ್ಣದ ಪಟ್ಟಿಗಳನ್ನು ಅಂಟಿಸುವ ಪದ್ಧತಿಯು ಇದಕ್ಕಾಗಿಯೇ ಬಂದಿದೆ. ಕಬ್ಬಿನ ಕಾಲದಲ್ಲಿ ಪೊಲೀಸರೇ ರಸ್ತೆಗಿಳಿದು ಟ್ರೇಲರುಗಳಿಗೂ ಎತ್ತಿನ ಗಾಡಿಗಳಿಗೂ ಇಂಥ ಪಟ್ಟಿಗಳನ್ನು ಅಂಟಿಸುವುದುಂಟು.

ಜನರು ಈ ಪಟ್ಟಿಯನ್ನು 'ರೇಡಿಯಂ' ಎಂದು ಕರೆಯುತ್ತಾರೆ. ವಾಹನಗಳ ಮೇಲೆ ಅಕ್ಷರ, ಚಿತ್ರಗಳನ್ನು ಕತ್ತರಿಸಿ ಅಂಟಿಸುವ ಅಂಗಡಿಗಳಿಗೂ 'ರೇಡಿಯಂ ಅಂಗಡಿ' ಎಂಬ ಹೆಸರೇ ನಿಂತಿದೆ. ಆದರೆ ಇದರಲ್ಲಿ ರೇಡಿಯಮ್ಮಿನ ಕಣವೂ ಇಲ್ಲ. 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯೆರ್ ಕ್ಯೂರಿ ದಂಪತಿಗಳು ಕಂಡುಹಿಡಿದ ಆ ಧಾತುವನ್ನು ಒಂದು ಕಾಲದಲ್ಲಿ ಗಡಿಯಾರದ ಮುಖಕ್ಕೆ ಬಳಿಯುವ ಬಣ್ಣದಲ್ಲಿ ಬೆರೆಸುತ್ತಿದ್ದರು. ಅಂಕಿಗಳು ಕತ್ತಲಲ್ಲಿ ಬೆಳಗುತ್ತಿದ್ದುವು. ಅದು ಅಪಾಯಕರವೆಂದು ತಿಳಿದ ಮೇಲೆ ಬಳಕೆಯು ನಿಂತುಹೋಯಿತು. ಆದರೂ ಇರುಳಲ್ಲಿ ಹೊಳೆಯುವುದೆಲ್ಲ ರೇಡಿಯಂ ಎಂಬ ಮಾತು ಉಳಿದುಕೊಂಡಿತು.

ವಾಹನದ ಪಟ್ಟಿಗೆ ಸ್ವಂತ ಬೆಳಕಿಲ್ಲ. ಅದರಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಒತ್ತಾಗಿ ಕೂಡಿಕೊಂಡಿರುತ್ತವೆ. ಕನ್ನಡಿಯು ತನ್ನ ಮೇಲೆ ಓರೆಯಾಗಿ ಬಿದ್ದ ಬೆಳಕನ್ನು ಬೇರೆ ದಿಕ್ಕಿಗೆ ಕಳುಹಿಸಿಬಿಡುತ್ತದೆ. ಈ ಮಣಿಗಳಾದರೋ ಬೆಳಕನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸುತ್ತವೆ. ಆದಕಾರಣ ಹಿಂದಿನ ವಾಹನದ ದೀಪದಿಂದ ಹೊರಟ ಬೆಳಕು ಅದೇ ವಾಹನದ ಚಾಲಕನ ಕಣ್ಣಿಗೆ ಮರಳುತ್ತದೆ. ಇರುಳಿನಲ್ಲಿ ಎತ್ತಿನ ಕಣ್ಣು ದೀಪಕ್ಕೆ ಹೊಳೆಯುವುದನ್ನು ಹಳ್ಳಿಯವರೆಲ್ಲರೂ ಕಂಡಿದ್ದಾರೆ. ಪಟ್ಟಿಯ ಹೊಳಪೂ ಅದೇ ಬಗೆಯದು.

ಅಂಟುಹಾಳೆಯ ಕಥೆಯು ನೂರು ವರ್ಷಗಳಷ್ಟು ಹಿಂದಿನದು. 1925ರಲ್ಲಿ ಅಮೆರಿಕದ ರಿಚರ್ಡ್ ಡ್ರೂ ಎಂಬಾತನು, ಮೋಟಾರು ಕಾರುಗಳಿಗೆ ಎರಡು ಬಣ್ಣ ಬಳಿಯುವವರ ಕಷ್ಟವನ್ನು ನೋಡಿ, ಅಂಟಿಸಿ ಸುಲಭವಾಗಿ ಕೀಳಬಹುದಾದ ಕಾಗದದ ಪಟ್ಟಿಯನ್ನು ರೂಪಿಸಿದನು. 1926ರಲ್ಲಿ ವಾಲ್ಡೊ ಸೀಮನ್ ಎಂಬ ರಸಾಯನಶಾಸ್ತ್ರಜ್ಞನು ಗಡುಸಾದ ವಿನೈಲ್ ಪ್ಲಾಸ್ಟಿಕ್ಕನ್ನು ಬಾಗುವಂತೆ ಮೆದುಗೊಳಿಸುವ ಮಾರ್ಗವನ್ನು ಕಂಡುಕೊಂಡನು. 1935ರಲ್ಲಿ ಸ್ಟಾಂಟನ್ ಏವರಿಯು ನೀರು ಹಚ್ಚದೆಯೇ ಅಂಟುವ ಚೀಟಿಗಳನ್ನು ತಯಾರಿಸತೊಡಗಿದನು. ಈ ಮೂರು ಹೊಳೆಗಳು ಕೂಡಿದಲ್ಲಿ ಇಂದಿನ ವಿನೈಲ್ ಹಾಳೆ ಹುಟ್ಟಿತೆನ್ನಬಹುದು. ಇದರಲ್ಲಿ ಮೂರು ಪದರಗಳಿವೆ: ಮೇಲೆ ಬಣ್ಣದ ಪ್ಲಾಸ್ಟಿಕ್, ನಡುವೆ ಅಂಟು, ಕೆಳಗೆ ಅಂಟನ್ನು ಕಾಯುವ ನುಣುಪಾದ ಕಾಗದ. ದ್ರವರೂಪದಲ್ಲಿ ಎರೆದು ಮಾಡಿದ ಹಾಳೆಯು ಸುಮಾರು 50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ದಪ್ಪವಿರುತ್ತದೆ. ಅದು ಉಬ್ಬುತಗ್ಗುಗಳಿಗೆ ಚೆನ್ನಾಗಿ ಒಗ್ಗುತ್ತದೆ. ಉರುಳೆಗಳ ನಡುವೆ ಹಿಂಡಿ ಎಳೆದು ಮಾಡಿದ ಹಾಳೆಯು ಅಗ್ಗ, ಆದರೆ ದಪ್ಪ; ಎಳೆತಕ್ಕೆ ಸಿಕ್ಕಿದ ಅದು ಬಿಸಿಲಿನಲ್ಲಿ ಮೆಲ್ಲಮೆಲ್ಲನೆ ಕುಗ್ಗುತ್ತ ತನ್ನ ಮೂಲ ಅಳತೆಗೆ ಮರಳಲು ಹವಣಿಸುತ್ತದೆ.

ಅಂಟಿಸುವುದೇನು ಮಹಾ ವಿದ್ಯೆ ಎಂದು ಕೇಳುವವರುಂಟು. ಒಂದು ರೇಡಿಯಂ ಅಂಗಡಿಗೆ ಹೊಸದಾಗಿ ಸೇರಿದ ಹುಡುಗನೂ ಹಾಗೆಯೇ ಭಾವಿಸಿದ್ದನು. ಚಾಲಕನೊಬ್ಬನು ಅವಸರಪಡಿಸಿದ್ದರಿಂದ ಅವನು ಟ್ರೇಲರಿನ ಹಿಂಬದಿಯ ಧೂಳನ್ನು ಅಂಗಿಯ ತೋಳಿನಿಂದ ಒರಸಿ, ಕೆಂಪು ಪಟ್ಟಿಯನ್ನು ಅಂಟಿಸಿ ಕಳುಹಿಸಿಬಿಟ್ಟನು. ವಾರ ಕಳೆಯುವುದರೊಳಗೆ ಆ ಟ್ರೇಲರು ಅಂಗಡಿಯ ಮುಂದೆ ಮರಳಿ ನಿಂತಿತು. ಅರ್ಧ ಪಟ್ಟಿ ಎಲ್ಲಿಯೋ ಬಿದ್ದುಹೋಗಿತ್ತು, ಉಳಿದರ್ಧ ಒಣಗಿದ ಬಾಳೆಯೆಲೆಯಂತೆ ಜೋತಾಡುತ್ತಿತ್ತು.

ಅಂಗಡಿಯ ಹಿರಿಯ ಕೆಲಸಗಾರನು ಬೈಯಲಿಲ್ಲ. ಜೋತಾಡುವ ಪಟ್ಟಿಯನ್ನು ಕಿತ್ತು ಅದರ ಬೆನ್ನನ್ನು ಹುಡುಗನಿಗೆ ತೋರಿಸಿದನು. ಅಂಟಿನ ತುಂಬ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

"ತಮ್ಮಾ, ಅಂಟು ತನ್ನ ಕೆಲಸ ಮಾಡಿದೆ ನೋಡು. ಆದರೆ ಅದು ಹಿಡಿದದ್ದು ಟ್ರೇಲರನ್ನಲ್ಲ, ಧೂಳನ್ನು" ಎಂದನು.

"ಕಾಕಾ, ಮೇಲೆ ನೋಡಿದರೆ ಚೆನ್ನಾಗಿಯೇ ಕೂತಿತ್ತು" ಎಂದು ಹುಡುಗನು ತಲೆ ತಗ್ಗಿಸಿದನು.

"ಇದು ಬಿದ್ದದ್ದು ಹಗಲಿನಲ್ಲಿ ಎಂದುಕೋ. ನಮ್ಮ ಪುಣ್ಯ."

ಹುಡುಗನಿಗೆ ಆ ಮಾತು ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅನಂತರ ಇಬ್ಬರೂ ಮೊದಲಿನಿಂದ ಕೆಲಸವನ್ನು ಆರಂಭಿಸಿದರು. ಮೊದಲು ಸೋಪಿನ ನೀರಿನಿಂದ ಮಣ್ಣನ್ನು ತೊಳೆದರು. ಆರಿದ ಮೇಲೆ, ಎಣ್ಣೆಯ ಜಿಡ್ಡನ್ನು ತೆಗೆಯಲು ಸ್ಪಿರಿಟ್ಟಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಒರಸಿ, ಅದು ಆರುವ ಮೊದಲೇ ಒಣಬಟ್ಟೆಯಿಂದ ಮತ್ತೊಮ್ಮೆ ಒರಸಿದರು. ಕಾರುಗಳಿಗೆ ಹಚ್ಚುವ ಮೇಣದ ಪಾಲಿಶು ಉಳಿದಿದ್ದರೂ ಅಂಟು ಹಿಡಿಯುವುದಿಲ್ಲ. ಹೊಸದಾಗಿ ಬಣ್ಣ ಬಳಿದ ವಾಹನವಾದರೆ, ಬಣ್ಣದೊಳಗಿನ ಆವಿಯು ಪೂರ್ತಿ ಹೊರಹೋಗುವವರೆಗೆ ಕೆಲವು ವಾರ ಕಾಯಬೇಕು. ಲೋಹವು ಬಿಸಿಲಿಗೆ ಕಾದಿದ್ದರೆ ಅಂಟು ತಾಕಿದೊಡನೆಯೇ ಕಚ್ಚಿಕೊಂಡು, ಸರಿಪಡಿಸಲು ಅವಕಾಶವನ್ನೇ ಕೊಡುವುದಿಲ್ಲ. ಚಳಿಯಲ್ಲಿ ಅಂಟು ಬಿರುಸಾಗಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ನೆರಳಿನಲ್ಲಿ, ಹಿತವಾದ ಉಷ್ಣತೆಯಲ್ಲಿ ಈ ಕೆಲಸವನ್ನು ಮಾಡಬೇಕು.

ಮುಂದಿನ ಹೆಜ್ಜೆ ಅಳತೆ. ಹಿರಿಯನು ಪಟ್ಟಿಯನ್ನು ಅದರ ಕಾಗದದೊಡನೆಯೇ ಟ್ರೇಲರಿನ ಮೇಲಿಟ್ಟು, ದೂರ ಸರಿದು ನಿಂತು ನೋಡಿ, ನೇರವೆಂದು ಖಚಿತವಾದ ಮೇಲೆ ಗುರುತು ಹಾಕಿದನು. ಬಳಿಕ ಕಾಗದವನ್ನು ಒಮ್ಮೆಗೇ ಕೀಳದೆ ನಾಲ್ಕು ಬೆರಳಿನಷ್ಟು ಬಿಡಿಸಿ, ಅಷ್ಟನ್ನು ಒತ್ತಿ, ಮತ್ತಷ್ಟು ಬಿಡಿಸುತ್ತ ಸಾಗಿದನು. ಪ್ಲಾಸ್ಟಿಕ್ಕಿನ ಒತ್ತುಪಟ್ಟಿಗೆ ಮೆತ್ತನೆಯ ಬಟ್ಟೆ ಸುತ್ತಿ, ಓರೆಯಾಗಿ ಹಿಡಿದು, ನಡುವಿನಿಂದ ಅಂಚಿನ ಕಡೆಗೆ ಎಳೆದನು; ಒಂದು ಎಳೆತದ ಅಂಚಿನ ಮೇಲೆಯೇ ಇನ್ನೊಂದು ಎಳೆತ ಬರುವಂತೆ ನೋಡಿಕೊಂಡನು. ಈ ಬಗೆಯ ಅಂಟಿಗೆ ಒತ್ತಡವೇ ಜೀವ. ಕಣ್ಣಿಗೆ ನಯವಾಗಿ ಕಾಣುವ ಲೋಹದಲ್ಲಿಯೂ ಸೂಕ್ಷ್ಮವಾದ ಕುಳಿಗಳಿರುತ್ತವೆ. ಒತ್ತಿದಾಗ ಅಂಟು ಹರಿದು ಆ ಕುಳಿಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಅದು ಪೂರ್ಣವಾಗಿ ಹಿಡಿಯಲು ಒಂದೆರಡು ದಿನ ಬೇಕಾಗುವುದರಿಂದ ಅಷ್ಟು ಕಾಲ ವಾಹನವನ್ನು ತೊಳೆಯಬಾರದು.

ಬಿಡಿಬಿಡಿಯಾಗಿ ಕತ್ತರಿಸಿದ ಅಕ್ಷರಗಳಿಗೆ ಬೇರೊಂದು ಉಪಾಯವಿದೆ. ಅಕ್ಷರಗಳ ಮೇಲೆ ಹಗುರವಾದ ಅಂಟಿನ ಇನ್ನೊಂದು ಹಾಳೆಯನ್ನು ಒತ್ತಿ, ಸಾಲನ್ನು ಇಡಿಯಾಗಿ ಎತ್ತಿ, ವಾಹನಕ್ಕೆ ವರ್ಗಾಯಿಸುತ್ತಾರೆ. ಕಾರಿನ ಗಾಜಿನಂಥ ನುಣುಪಾದ ಮೈಯಾದರೆ ಕೆಲವು ಹನಿ ಸೋಪು ಬೆರೆಸಿದ ನೀರನ್ನು ಮೊದಲು ಚಿಮುಕಿಸುತ್ತಾರೆ. ಆಗ ಹಾಳೆಯು ಒಡನೆಯೇ ಕಚ್ಚಿಕೊಳ್ಳದೆ ಅತ್ತಿತ್ತ ಸರಿಯುತ್ತದೆ. ಸರಿಯಾಗಿ ಕೂರಿಸಿದ ಮೇಲೆ ನೀರನ್ನೆಲ್ಲ ಒತ್ತಿ ಹೊರಹಾಕಬೇಕು. ಹೊಳೆಯುವ ಪಟ್ಟಿಗಳನ್ನು ಮಾತ್ರ ಒಣದಾಗಿಯೇ ಅಂಟಿಸುವುದು ಲೇಸು.

ಎಷ್ಟು ಎಚ್ಚರ ವಹಿಸಿದರೂ ದೋಷಗಳು ತಲೆದೋರುವುದುಂಟು. ಸಾಮಾನ್ಯವಾದುದು ಗಾಳಿಯ ಗುಳ್ಳೆ. ಕಂಡೊಡನೆ ಹಾಳೆಯನ್ನು ಕೀಳುವುದು ತರವಲ್ಲ. ಸಣ್ಣ ಗುಳ್ಳೆಗಳು ಕೆಲವು ದಿನಗಳ ಬಿಸಿಲಿಗೆ ತಾವೇ ಅಡಗುತ್ತವೆ. ದೊಡ್ಡ ಗುಳ್ಳೆಯನ್ನು ನಡುವೆ ಚುಚ್ಚದೆ, ಅದರ ಅಂಚಿನಲ್ಲಿ ಸೂಜಿಯಿಂದ ಒಂದು ತೂತು ಮಾಡಿ, ಎದುರು ಬದಿಯಿಂದ ಬೆರಳಿನಲ್ಲಿ ಗಾಳಿಯನ್ನು ತೂತಿನತ್ತ ನೂಕಬೇಕು. ಎರಡನೆಯದು ಸುಕ್ಕು. ಸುಕ್ಕನ್ನು ಬಲವಂತದಿಂದ ಒತ್ತಿದರೆ ಅದು ಮಡಿಕೆಯಾಗಿ ನಿಂತುಬಿಡುತ್ತದೆ. ಆ ಭಾಗವನ್ನು ಮೆಲ್ಲನೆ ಎತ್ತಿ, ತಲೆಗೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ತೋರಿಸಿ, ಹಾಳೆಯು ಸಡಿಲಗೊಂಡು ನೇರವಾದ ಮೇಲೆ ಮತ್ತೆ ಕೂರಿಸಬೇಕು. ಮೂರನೆಯದು ಅಂಚು ಏಳುವುದು. ಚೂಪಾದ ಮೂಲೆಗಳು ಬೇಗನೆ ಏಳುವುದರಿಂದ ಅವನ್ನು ದುಂಡಗೆ ಕತ್ತರಿಸಬೇಕು. ಟ್ರೇಲರಿನ ಹಲಗೆಯಲ್ಲಿ ರಿವೆಟ್ಟು ಅಡ್ಡ ಬಂದರೆ ಅದರ ಮೇಲೆ ಪಟ್ಟಿಯನ್ನು ಬಿಗಿಯಾಗಿ ಎಳೆಯದೆ, ರಿವೆಟ್ಟಿನ ಸುತ್ತ ಕತ್ತರಿಸಿ ಬಿಡಬೇಕು; ಇಲ್ಲವಾದರೆ ಅಲ್ಲಿ ಉಳಿದ ಗಾಳಿಯ ದಾರಿಯಲ್ಲಿ ನೀರು ನುಗ್ಗಿ ಪಟ್ಟಿಯನ್ನು ಎಬ್ಬಿಸುತ್ತದೆ. ಮಣ್ಣು ಮೆತ್ತಿದ ಅಂಟನ್ನು ಮತ್ತೆ ಅಂಟಿಸಲು ಹೋಗುವುದು ವ್ಯರ್ಥ. ಅದನ್ನು ಬಿಸಿಮಾಡಿ ನಿಧಾನವಾಗಿ ಕಿತ್ತು, ಉಳಿದ ಅಂಟನ್ನು ಸೀಮೆಎಣ್ಣೆಯಿಂದ ತೆಗೆದು, ಆ ಜಿಡ್ಡನ್ನೂ ತೊಳೆದು, ಹೊಸ ಪಟ್ಟಿಯನ್ನೇ ಹಾಕಬೇಕು.

ಆ ಹಿರಿಯನು ಹಿಂದೆ ಕುಂಚ ಹಿಡಿದಿದ್ದವನು. ಲಾರಿಗಳ ಹಣೆಯ ಮೇಲೆ ದೇವರ ಹೆಸರನ್ನೂ, ಹಿಂದೆ ಊರಿನ ಹೆಸರನ್ನೂ ನೆರಳು ಮೂಡುವಂತೆ ಬರೆಯುತ್ತಿದ್ದನು. ಕಂಪ್ಯೂಟರಿನಿಂದ ನಡೆಯುವ ಕತ್ತರಿಯಂತ್ರವು ಬಂದ ಮೇಲೆ, ಅವನು ದಿನವಿಡೀ ಬರೆಯುತ್ತಿದ್ದ ಸಾಲುಗಳು ಕೆಲವೇ ನಿಮಿಷಗಳಲ್ಲಿ ಸಿದ್ಧವಾಗತೊಡಗಿದುವು. ಅಂಥ ಅನೇಕರು ವೃತ್ತಿಯನ್ನೇ ಬಿಟ್ಟರು. ಇವನು ಕುಂಚವನ್ನು ಬಿಟ್ಟನು, ಆದರೆ ಕಣ್ಣಿನ ಅಳತೆಯನ್ನೂ ಕೈಯ ತಾಳ್ಮೆಯನ್ನೂ ಬಿಡಲಿಲ್ಲ. ಯಂತ್ರವು ಕತ್ತರಿಸಬಲ್ಲುದು, ಧೂಳಿದೆಯೇ ಎಂದು ಬೆರಳಾಡಿಸಿ ನೋಡುವುದು ಮನುಷ್ಯನ ಕೆಲಸ.

ಸಂಜೆಯಾಯಿತು. ಹುಡುಗನು ಕೊನೆಯ ಅಂಚನ್ನು ಹೆಬ್ಬೆರಳಿನಿಂದ ಮತ್ತೊಮ್ಮೆ ಒತ್ತಿ ನೋಡಿದನು. ಚಾಲಕನು ಟ್ರ್ಯಾಕ್ಟರನ್ನು ಹೊರಡಿಸಿದನು. ಟ್ರೇಲರು ತಿರುವಿನ ಕತ್ತಲಿಗೆ ಸೇರುವಷ್ಟರಲ್ಲಿ ಹಿಂದಿನಿಂದ ಬಸ್ಸೊಂದು ಬಂದಿತು. ಅದರ ದೀಪ ತಾಕಿದೊಡನೆ ಕೆಂಪು ಪಟ್ಟಿಯು ಕೆಂಡದಂತೆ ಹೊಳೆಯಿತು. ಬಸ್ಸು ವೇಗವನ್ನು ತಗ್ಗಿಸಿ, ಪಕ್ಕಕ್ಕೆ ಸರಿದು, ಮುಂದೆ ಹೋಯಿತು. ಒಳಗಿದ್ದ ಪ್ರಯಾಣಿಕರಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಹುಡುಗನು ಮಾತ್ರ ಅದನ್ನು ಕಂಡನು.

ಅಭ್ಯಾಸ

1. ವಾಹನದ ಹೊಳೆಯುವ ಪಟ್ಟಿಗೆ 'ರೇಡಿಯಂ' ಎಂಬ ಹೆಸರು ಹೇಗೆ ಬಂದಿರಬಹುದು? ಆ ಹೆಸರು ಸರಿಯಲ್ಲವೇಕೆ?
2. ಕನ್ನಡಿಗೂ ಹೊಳೆಯುವ ಪಟ್ಟಿಗೂ ಇರುವ ವ್ಯತ್ಯಾಸವನ್ನು ತಿಳಿಸಿರಿ.
3. ಗುಳ್ಳೆ, ಸುಕ್ಕು, ಅಂಚು ಏಳುವುದು: ಈ ದೋಷಗಳನ್ನು ಸರಿಪಡಿಸುವ ಬಗೆಯನ್ನು ವಿವರಿಸಿರಿ.
4. "ಇದು ಬಿದ್ದದ್ದು ಹಗಲಿನಲ್ಲಿ ಎಂದುಕೋ. ನಮ್ಮ ಪುಣ್ಯ." ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು? ಇದರ ಸ್ವಾರಸ್ಯವೇನು?
5. ನಿಮ್ಮ ಊರಿನ ಕುಶಲಕರ್ಮಿಯೊಬ್ಬರ ಕೆಲಸವನ್ನು ಗಮನಿಸಿ, ಅದರ ಹಂತಗಳನ್ನು ಕ್ರಮವಾಗಿ ಬರೆಯಿರಿ.